ಹಿಂದಿನ ಆಕ್ಸಲ್ ಸೀಲ್ ಬದಲಿಸುವ ಮುನ್ನ ಬ್ರೀದರ್ ನೋಡಿ

ಹಳೆಯ ಕಾರಿನ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಗೇರ್ ಆಯಿಲ್ ಮೆತ್ತಿಕೊಂಡಿದ್ದರೆ ಆಯಿಲ್ ಸೋರದಂತೆ ತಡೆಯುವ ಸೀಲ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಬೇಡಿ. ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ಕಿಂಡಿ) ಕೆಸರಿನಿಂದ ಕಟ್ಟಿಕೊಂಡಿದ್ದರೆ, ಕಾರು ಓಡಿ ಬಿಸಿಯಾದಾಗ ಒಳಗಿನ ಒತ್ತಡ ಹೊಸ ಸೀಲಿನಿಂದಲೂ ಆಯಿಲನ್ನು ಹೊರದಬ್ಬುತ್ತದೆ.

ಬೇರಿಂಗನ್ನು ಕಾಲರ್ (ಶಾಫ್ಟಿಗೆ ಬಿಗಿಯಾಗಿ ಒತ್ತಿ ಕೂರಿಸಿದ ಲೋಹದ ಉಂಗುರ) ಹಿಡಿದಿಡುವ ಮಾದರಿಗಳಲ್ಲಿ ಹಳೆಯ ಕಾಲರನ್ನು ಮತ್ತೆ ಬಳಸಲೇಬೇಡಿ. ಶಾಫ್ಟ್ ಚಕ್ರದ ಸಮೇತ ಹೊರಬರದಂತೆ ತಡೆಯುವುದು ಅದರ ಬಿಗಿತವೇ. ತೆಗೆಯಲು ಕಾಲರಿನ ದಪ್ಪದ ಮುಕ್ಕಾಲು ಭಾಗದಷ್ಟು ಡ್ರಿಲ್ ಮಾಡಿ, ಉಳಿ ಇಟ್ಟು ಸೀಳಿ. ಡ್ರಿಲ್ ಶಾಫ್ಟಿಗೆ ತಾಗಬಾರದು. ಗ್ಯಾಸ್ ಕಟರಂತೂ ಹತ್ತಿರವೇ ಬೇಡ. ಹೊಸ ಬೇರಿಂಗ್ ಕೂರಿಸುವ ಮೊದಲು ರಿಟೇನರ್ ಪ್ಲೇಟ್ (ಬೇರಿಂಗನ್ನು ಆಕ್ಸಲ್ ತುದಿಗೆ ಹಿಡಿದಿಡುವ ತಟ್ಟೆ) ಶಾಫ್ಟಿನಲ್ಲಿದೆಯೇ ನೋಡಿಕೊಳ್ಳಿ, ಆಮೇಲೆ ಅದು ಒಳಗೆ ಹೋಗುವುದಿಲ್ಲ. ಪ್ರೆಸ್ಸಿನ ಒತ್ತಡ ಬೇರಿಂಗಿನ ಒಳ ರೇಸಿನ, ಅಂದರೆ ಒಳ ಉಂಗುರದ, ಮೇಲಷ್ಟೇ ಬೀಳಲಿ. ಬೇರಿಂಗ್ ಮೊದಲು, ಕಾಲರ್ ಆಮೇಲೆ. ಎರಡನ್ನೂ ಒಟ್ಟಿಗೆ ಒತ್ತಬೇಡಿ.

ಶಾಫ್ಟಿನಲ್ಲಿ ಸೀಲಿನ ತುಟಿ (ಒಳ ಅಂಚು) ಉಜ್ಜುವ ಜಾಗದ ಮೇಲೆ ಉಗುರು ಆಡಿಸಿ. ಸವೆದ ಗೆರೆಗೆ ಉಗುರು ಸಿಕ್ಕಿಕೊಂಡರೆ ಎಂಥ ಒಳ್ಳೆಯ ಸೀಲ್ ಹಾಕಿದರೂ ಸೋರಿಕೆ ನಿಲ್ಲುವುದು ಅನುಮಾನ. ತುಟಿ ಆಯಿಲ್ ಇರುವ ಕಡೆಗೆ ಮುಖ ಮಾಡಿರಲಿ, ಅದಕ್ಕೆ ಸ್ವಲ್ಪ ಗ್ರೀಸ್ ಸವರಿ. ಶಾಫ್ಟನ್ನು ನೇರವಾಗಿ ಎತ್ತಿ ಹಿಡಿದೇ ತೂರಿಸಿ. ಅದರ ಭಾರ ಬಿದ್ದರೆ ತುಟಿ ಹರಿಯುತ್ತದೆ. ಆಯಿಲ್ ಕುಡಿದ ಬ್ರೇಕ್ ಶೂಗಳನ್ನು ತೊಳೆದು ಹಾಕಬೇಡಿ, ಎರಡೂ ಬದಿಯವನ್ನು ಹೊಸದಾಗಿಯೇ ಹಾಕಿ.