ಮಳೆಗಾಲದಲ್ಲಿ ಮೆಷಿನ್ ಆಯಿಲ್: ಲ್ಯಾಬ್‌ಗೆ ಕಳಿಸುವ ಮೊದಲು ಶೆಡ್‌ನಲ್ಲೇ ನೋಡಿಕೊಳ್ಳಿ

ಮಾಚೇನಹಳ್ಳಿಯ ಫೌಂಡ್ರಿ ಇರಲಿ, ಶಿಕಾರಿಪುರದ ಕಡೆಯ ರೈಸ್ ಮಿಲ್ ಇರಲಿ, ತೀರ್ಥಹಳ್ಳಿಯ ಅಡಿಕೆ ಸುಲಿಯುವ ಶೆಡ್ ಇರಲಿ, ಆಯಿಲ್ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಪದ್ಧತಿ. ಇಷ್ಟು ಗಂಟೆ ಓಡಿತು, ಬದಲಿಸು. ಮಟ್ಟ ಇಳಿಯಿತು, ಸುರಿ. ಈ ಎರಡರ ನಡುವೆ ಆ ಎಣ್ಣೆ ಹೇಗಿದೆ ಅಂತ ನೋಡುವವರು ಕಡಿಮೆ. ಗೇರ್‌ಬಾಕ್ಸ್ ಕೂಗತೊಡಗಿದ ಮೇಲೆ ಡ್ರೈನ್ ಪ್ಲಗ್ ಬಿಚ್ಚುತ್ತಾರೆ. ಆಗ ಬರುವುದು ಬೆಲ್ಲದ ಪಾನಕದ ಬಣ್ಣದ ನೊರೆ.

ಗಂಟೆ ಲೆಕ್ಕ ತಪ್ಪು ಅಂತಲ್ಲ. ಆದರೆ ಮಲೆನಾಡಿನಲ್ಲಿ ಅದೊಂದೇ ಸಾಲದು. ಇಲ್ಲಿ ಎಣ್ಣೆಗೆ ಮೊದಲ ಶತ್ರು ನೀರು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯನ್ನು ಬಿಡಿ. ಶಿವಮೊಗ್ಗ ಊರೊಳಗೇ ಜುಲೈನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಅಲ್ವಾ? ಅದೇ ಗಾಳಿಯನ್ನು ನಿಮ್ಮ ಹೈಡ್ರಾಲಿಕ್ ಟ್ಯಾಂಕೂ ಒಳಗೆ ಎಳೆದುಕೊಳ್ಳುತ್ತದೆ. ಹಗಲು ಟ್ಯಾಂಕ್ ಬಿಸಿಯಾದಾಗ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಮೆಷಿನ್ ನಿಂತು ತಣ್ಣಗಾದಾಗ ತೇವದ ಗಾಳಿ ಒಳಗೆ ಬರುತ್ತದೆ. ಆ ತೇವ ಟ್ಯಾಂಕಿನ ಮೇಲ್ಗೋಡೆಯಲ್ಲಿ ಹನಿಗಟ್ಟಿ ಎಣ್ಣೆಗೆ ಬೀಳುತ್ತದೆ.

ಎಷ್ಟು ನೀರಿದ್ದರೆ ತೊಂದರೆ? 0.1% ಸಾಕು. 100 ಲೀಟರ್ ಟ್ಯಾಂಕಿಗೆ ಅದು ಬರೀ 100 ಮಿ.ಲೀ., ಅರ್ಧ ಲೋಟ. ಅಷ್ಟು ನೀರು ಬೇರಿಂಗ್ ಆಯುಷ್ಯವನ್ನು ಅರ್ಧಕ್ಕಿಂತ ಕೆಳಗೆ ತರಬಲ್ಲದು. ಭಾರ ಬೀಳುವ ಜಾಗದಲ್ಲಿ ಎಣ್ಣೆಯ ಪದರ ಹರಿಯುತ್ತದೆ, ತುಕ್ಕು ಹಿಡಿಯುತ್ತದೆ, ಎಣ್ಣೆಗೆ ಸೇರಿಸಿರುವ ಕೆಲವು ರಾಸಾಯನಿಕಗಳು ಹಾಳಾಗುತ್ತವೆ. ಹಾಗಾಗಿ ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಸಮಯ ಸಿಗದಿದ್ದರೆ ಉಳಿದದ್ದನ್ನು ಬಿಟ್ಟರೂ ಬಿಡಿ, ನೀರಿನ ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಮೊದಲು ಹೊಸ ಎಣ್ಣೆಯ ಬಾಟಲಿ

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಮುಚ್ಚಳ ಬಿಗಿಯಾಗಿ ಕೂರುವ 100–200 ಮಿ.ಲೀ.ನ ಪಾರದರ್ಶಕ ಬಾಟಲಿಗಳು, ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸುವ ಕೈ ವ್ಯಾಕ್ಯೂಮ್ ಪಂಪ್, ಕರೆಂಟಿನ ಹಾಟ್ ಪ್ಲೇಟ್, ಅದರ ಬಿಸಿ ಅಳೆಯುವ ಥರ್ಮಾಮೀಟರ್, ಒಂದು ಜೋರಾದ ಅಯಸ್ಕಾಂತ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಫಿಲ್ಟರ್ ಪೇಪರ್, ಟಾರ್ಚ್, ಒಂದು ನೋಟ್‌ಬುಕ್.

ಹೊಸ ಬ್ಯಾರಲ್ ಒಡೆದ ದಿನವೇ ಒಂದು ಬಾಟಲಿ ತುಂಬಿಸಿ ಇಟ್ಟುಕೊಳ್ಳಿ. ಗ್ರೇಡ್, ಬ್ಯಾಚ್, ತಾರೀಖು ಬರೆದು ಬಿಸಿಲು ಬೀಳದ ಕಪಾಟಿನಲ್ಲಿಡಿ. ಶೆಡ್‌ನಲ್ಲಿ ಮಾಡುವ ಎಲ್ಲ ಪರೀಕ್ಷೆಗೂ ಈ ಬಾಟಲಿಯೇ ಅಳತೆಗೋಲು. ಎಣ್ಣೆ ಕಪ್ಪಾಗಿದೆ ಅಂದರೆ ಯಾವುದಕ್ಕಿಂತ ಕಪ್ಪು? ಇದು ಎದುರಿಗಿಲ್ಲದಿದ್ದರೆ ಫಿಟ್ಟರ್ ಒಂದು ಹೇಳುತ್ತಾನೆ, ಸೂಪರ್‌ವೈಸರ್ ಇನ್ನೊಂದು ಹೇಳುತ್ತಾನೆ.

ಸ್ಯಾಂಪಲ್ ತೆಗೆಯುವ ಬಗೆ

ಹೆಚ್ಚಿನವರು ಎಡವುವುದು ಇಲ್ಲೇ. ಸ್ಯಾಂಪಲ್ ತಪ್ಪಿದರೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಲ್ಯಾಬ್ ರಿಪೋರ್ಟೂ ವೇಸ್ಟ್.

ಮೆಷಿನ್ ಓಡುತ್ತಿರುವಾಗ, ಇಲ್ಲವೇ ನಿಲ್ಲಿಸಿ ಅರ್ಧ ಗಂಟೆಯೊಳಗೆ ತೆಗೆಯಿರಿ. ಎಣ್ಣೆ ಬಿಸಿಯಾಗಿರಬೇಕು, ಕಲಕಿರಬೇಕು. ರಾತ್ರಿಯಿಡೀ ನಿಂತ ಮೆಷಿನ್‌ನಲ್ಲಿ ಲೋಹದ ಪುಡಿ, ನೀರು ಎರಡೂ ತಳ ಸೇರಿರುತ್ತವೆ. ಮೇಲಿನ ಎಣ್ಣೆ ಗಂಗೆಯಷ್ಟು ಶುದ್ಧವಾಗಿ ಕಾಣುತ್ತದೆ.

ಹೈಡ್ರಾಲಿಕ್ ಪವರ್ ಪ್ಯಾಕ್‌ನಲ್ಲಿ (ಎಣ್ಣೆಗೆ ಒತ್ತಡ ಕೊಡುವ ಪಂಪ್, ಟ್ಯಾಂಕ್ ಜೋಡಣೆ) ಎಣ್ಣೆ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್‌ನಿಂದ, ಫಿಲ್ಟರ್‌ಗಿಂತ ಮುಂಚಿನ ಜಾಗದಲ್ಲಿ ತೆಗೆಯುವುದು ಒಳ್ಳೆಯದು. ಫಿಲ್ಟರ್ ದಾಟಿದ ಎಣ್ಣೆಯಲ್ಲಿ ಸವೆತದ ಸುಳಿವು ಉಳಿದಿರುವುದಿಲ್ಲ. ಅಲ್ಲಿ ಸ್ಯಾಂಪಲ್ ತೆಗೆಯುವ ವಾಲ್ವ್ ಇಲ್ಲದಿದ್ದರೆ ಡಿಪ್ ಸ್ಟಿಕ್ ತೂತಿನಿಂದ ಟ್ಯೂಬ್ ಇಳಿಸಿ, ಎಣ್ಣೆಯ ಎತ್ತರದ ಅರ್ಧಕ್ಕೆ ಬಂದಾಗ ಪಂಪ್ ಎಳೆಯಿರಿ. ಟ್ಯೂಬ್ ಗೋಡೆಗೂ ತಾಗಬಾರದು, ತಳಕ್ಕೂ ತಾಗಬಾರದು. ತಿರುಗುವ ಗೇರ್ ಇರುವ ಕಡೆ ಮಾತ್ರ ಮೆಷಿನ್ ನಿಲ್ಲಿಸಿಯೇ ಟ್ಯೂಬ್ ಇಳಿಸಬೇಕು. ಒತ್ತಡ ಇರುವ ಲೈನ್ ಅನ್ನು ಸಡಿಲಿಸಿ ಸ್ಯಾಂಪಲ್ ತೆಗೆಯುವ ಸಾಹಸವಂತೂ ಬೇಡವೇ ಬೇಡ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆಯೂ ಚರ್ಮದೊಳಗೆ ಹೋಗುತ್ತದೆ.

ಮೊದಲು ಬಂದ ಎಣ್ಣೆ ಟ್ಯೂಬ್ ತೊಳೆದದ್ದು, ಅದನ್ನು ಬೇರೆ ಡಬ್ಬಿಗೆ ಬಿಡಿ. ಆಮೇಲೆ ಬಾಟಲಿಯ ಮುಕ್ಕಾಲು ತುಂಬಿಸಿ. ಒಂದು ಮೆಷಿನ್‌ಗೆ ಬಳಸಿದ ಟ್ಯೂಬ್ ಇನ್ನೊಂದಕ್ಕೆ ಹಾಕಬೇಡಿ. ಬಾಟಲಿಯ ಬಾಯಿಯನ್ನು ಬನಿಯನ್ ವೇಸ್ಟ್‌ನಿಂದ ಒರೆಸಲೂಬೇಡಿ, ಅದರ ನೂಲೇ ಒಳಗೆ ಸೇರುತ್ತದೆ. ಇನ್ನೊಂದು ಮಾತು: ಪ್ರತಿ ಸಲವೂ ಅದೇ ಜಾಗ, ಅದೇ ರೀತಿ, ಆದಷ್ಟು ಅದೇ ಮನುಷ್ಯ. ಆಗ ಮಾತ್ರ ಹೋದ ತಿಂಗಳಿನ ಜತೆ ಹೋಲಿಸಬಹುದು.

ಕಣ್ಣು, ಮೂಗು

ಬಾಟಲಿಯನ್ನು ಹೊಸ ಎಣ್ಣೆಯ ಪಕ್ಕದಲ್ಲಿಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಆಚೆ ಬದಿಯ ಅಕ್ಷರ ಓದಲು ಬರುತ್ತದೆಯೇ? ಮಂಜು ಮುಸುಕಿದ ಹಾಗಿದ್ದರೆ ಎರಡರಲ್ಲಿ ಒಂದು, ಗಾಳಿ ಅಥವಾ ನೀರು. ಒಂದೆರಡು ಗಂಟೆ ಅಲುಗಿಸದೆ ಇಡಿ. ಗಾಳಿಯಾದರೆ ಮೇಲೆದ್ದು ಹೋಗಿ ಎಣ್ಣೆ ತಿಳಿಯಾಗುತ್ತದೆ. ನೀರಾದರೆ ಮಬ್ಬು ಹಾಗೇ ಉಳಿಯುತ್ತದೆ, ಇಲ್ಲವೇ ಬೆಳಗಾಗುವುದರಲ್ಲಿ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ಸುಟ್ಟ ವಾಸನೆ, ಹುಳಿ ವಾಸನೆ ಬಂದರೆ ಎಣ್ಣೆ ಬಿಸಿಗೆ ಹಾಳಾಗಿದೆ. ಕೆಲಸದ ಬಿಸಿ 10 ಡಿಗ್ರಿ ಏರಿದರೆ ಎಣ್ಣೆಯ ಆಯುಷ್ಯ ಹೆಚ್ಚುಕಮ್ಮಿ ಅರ್ಧವಾಗುತ್ತದೆ ಅನ್ನುವುದು ಈ ಕೆಲಸದ ಹಳೆಯ ಲೆಕ್ಕ. ಫರ್ನೇಸ್ ಪಕ್ಕದ ಪವರ್ ಪ್ಯಾಕ್‌ಗಳಲ್ಲಿ ಇದನ್ನು ಜಾಸ್ತಿ ಗಮನಿಸಿ. ಆದರೆ ಬಣ್ಣ ಒಂದನ್ನೇ ನೋಡಿ ಎಣ್ಣೆ ಚೆಲ್ಲಬೇಡಿ. ಡೀಸೆಲ್ ಜನರೇಟರ್ ಎಣ್ಣೆ ಕಪ್ಪಾಗುವುದು ಅದು ತನ್ನ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ.

ಚಟಪಟ ಪರೀಕ್ಷೆ

ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಹಾಟ್ ಪ್ಲೇಟನ್ನು 160 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಡ್ರಾಪರ್‌ನಿಂದ ಒಂದೆರಡು ಹನಿ ಬಿಡಿ. ನೋಡಿ, ಕೇಳಿ.

ಎಣ್ಣೆ ಸುಮ್ನೆ ಹರಡಿ ತೆಳ್ಳಗಾದರೆ ಬೇರೆಯಾಗಿ ನಿಂತ ನೀರಾಗಲಿ ಬೆರೆತ ನೀರಾಗಲಿ ಇಲ್ಲ. ಸಣ್ಣ ಗುಳ್ಳೆ ಎದ್ದು ತಕ್ಷಣ ಮಾಯವಾದರೆ 0.05ರಿಂದ 0.1%ರ ಆಸುಪಾಸು. ಗುಳ್ಳೆಗಳು ದೊಡ್ಡವಾಗಿ, ನಡುವಿಗೆ ಸೇರಿ ಒಡೆದರೆ 0.1ರಿಂದ 0.2%. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಸಿಡಿದರೆ 0.2% ದಾಟಿದೆ. ಪಕ್ಕದಲ್ಲೇ ಹೊಸ ಎಣ್ಣೆಯ ಹನಿಯನ್ನೂ ಬಿಟ್ಟು ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕೆಲವು ಎಚ್ಚರಿಕೆ. ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಗಾಳಿಯಾಡುವ ಜಾಗದಲ್ಲಿ ಮಾಡಿ, ಗ್ಯಾಸ್ ಒಲೆಯ ಬೆಂಕಿಯ ಮೇಲೆ ಅಲ್ಲ. ಡೀಸೆಲ್ ಬೆರೆತ ಅನುಮಾನ ಇರುವ ಎಂಜಿನ್ ಎಣ್ಣೆ, ಎಸಿ ಅಥವಾ ಕೋಲ್ಡ್ ಸ್ಟೋರೇಜ್ ಕಂಪ್ರೆಸರ್‌ನ ಎಣ್ಣೆ ಈ ಪರೀಕ್ಷೆಗೆ ಬೇಡ. ಫೌಂಡ್ರಿಯವರಿಗೆ ಇನ್ನೊಂದು ಮಾತು: ಕರಗಿದ ಲೋಹದ ಹತ್ತಿರದ ಕೆಲವು ಹೈಡ್ರಾಲಿಕ್‌ಗಳಲ್ಲಿ ಸುಲಭವಾಗಿ ಬೆಂಕಿ ಹತ್ತದ ವಾಟರ್-ಗ್ಲೈಕಾಲ್ ದ್ರವ ಹಾಕಿರುತ್ತಾರೆ. ಅದರಲ್ಲಿ ನೀರು ಇರಲೇಬೇಕು. ಅದನ್ನು ಹಾಟ್ ಪ್ಲೇಟ್ ಮೇಲೆ ಬಿಟ್ಟು ಗಾಬರಿಯಾಗಬೇಡಿ.

ಸ್ಕ್ರೂ ಕಂಪ್ರೆಸರ್ ಇದ್ದವರು ಇದನ್ನು ತಪ್ಪದೆ ಮಾಡಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ಓಡುವ ಕಂಪ್ರೆಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಗಾಳಿಯ ಜತೆ ಬಂದ ತೇವ ಆವಿಯಾಗಿ ಹೊರಗೆ ಹೋಗದೆ ಎಣ್ಣೆಯಲ್ಲೇ ಕೂರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಒತ್ತಡ ಪೂರ್ತಿ ಇಳಿದಿದೆ ಅಂತ ಗೇಜ್‌ನಲ್ಲಿ ನೋಡಿಕೊಂಡು, ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನ ತಳದ ವಾಲ್ವನ್ನು ನಿಧಾನವಾಗಿ ತೆರೆಯಿರಿ. ನೀರು ಹೋಗಿ ಎಣ್ಣೆ ಕಂಡ ಕೂಡಲೇ ಮುಚ್ಚಿ.

ದಪ್ಪ, ಲೋಹದ ಪುಡಿ, ಮಸಿ

ಎಣ್ಣೆಯ ದಪ್ಪವನ್ನು, ಅಂದರೆ ವಿಸ್ಕಾಸಿಟಿಯನ್ನು, ಶೆಡ್‌ನಲ್ಲಿ ನಿಖರವಾಗಿ ಅಳೆಯುವುದು ಕಷ್ಟ. ಓರೆಯಾಗಿಟ್ಟ ಗಾಜಿನ ಮೇಲೆ ಹೊಸದೂ ಹಳೆಯದೂ ಒಂದೇ ಅಳತೆಯಲ್ಲಿ ಒಟ್ಟಿಗೆ ಬಿಟ್ಟು, ಯಾವುದು ಮೊದಲು ಕೆಳಗೆ ಮುಟ್ಟುತ್ತದೆ ನೋಡಿ. ಎರಡೂ ಒಂದೇ ಬಿಸಿಯಲ್ಲಿರಬೇಕು. ದೊಡ್ಡ ವ್ಯತ್ಯಾಸ ಕಂಡರೆ ಯಾರೋ 68 ಗ್ರೇಡ್ ಎಣ್ಣೆಯ ಟ್ಯಾಂಕಿಗೆ ಅದಕ್ಕಿಂತ ದಪ್ಪನೆಯ 220 ಗ್ರೇಡ್ ಸುರಿದಿರಬಹುದು. ಇದು ಅಪರೂಪದ ಘಟನೆ ಏನಲ್ಲ, ಎಲ್ಲದಕ್ಕೂ ಒಂದೇ ಕ್ಯಾನ್, ಒಂದೇ ಲಾಳಿಕೆ ಇರುವ ಕಡೆ ಆಗುತ್ತಲೇ ಇರುತ್ತದೆ.

ಲೋಹಕ್ಕೆ ಅಯಸ್ಕಾಂತ. ಸ್ವಲ್ಪ ಎಣ್ಣೆಯನ್ನು ಗಾಜಿನ ತಟ್ಟೆಗೆ ಹಾಕಿ, ತೆಳ್ಳಗಾಗಲು ಸೀಮೆಎಣ್ಣೆ ಬೆರೆಸಿ, ತಟ್ಟೆಯ ಅಡಿಯಲ್ಲಿ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಅದರ ಹಿಂದೆ ಓಡಿದರೆ ಕಬ್ಬಿಣ. ಅಲುಗದೆ ಹಳದಿಯಾಗಿ ಹೊಳೆದರೆ ಕಂಚು. ಮಿಲ್‌ಗಳ ವರ್ಮ್ ಗೇರ್‌ಬಾಕ್ಸ್‌ನಲ್ಲಿ ದೊಡ್ಡ ಚಕ್ರ ಕಂಚಿನದೇ ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲುಗದೆ, ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುವುದು ಮರಳು. ಮೋಲ್ಡಿಂಗ್ ಮರಳು ಹಾರುವ ಫೌಂಡ್ರಿಯಲ್ಲಿ ಅದು ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ, ಯಾವ ಮುಚ್ಚಳ ಸಡಿಲ ಇದೆ ಅಂತ ಹುಡುಕಿದರೆ ಸಾಕು. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಪೇಸ್ಟ್ ಅಂಟಿದ್ದರೆ ಸಹಜ. ಚೂರು, ಪದರ, ಮುಳ್ಳಿನಂಥ ತುಂಡು ಸಿಕ್ಕರೆ ಮೆಷಿನ್ ನಿಲ್ಲಿಸಿ ಒಳಗೆ ನೋಡಿ.

ಜನರೇಟರ್ ಎಣ್ಣೆಗೆ ಫಿಲ್ಟರ್ ಪೇಪರ್. ಒಂದು ಹನಿ ಬಿಟ್ಟು, ಅಡಿಗೆ ಏನೂ ತಾಗದ ಹಾಗೆ ಒಂದು ದಿನ ಇಡಿ. ಬೂದು ಬಣ್ಣ ಒಂದೇ ಸಮನೆ ಹೊರಗೆ ಹರಡಿದ್ದರೆ ಎಣ್ಣೆಗೆ ಮಸಿಯನ್ನು ತೇಲಿಸುವ ಶಕ್ತಿ ಇನ್ನೂ ಇದೆ. ನಡುವೆ ಕಪ್ಪು ಬೊಟ್ಟು, ಅದಕ್ಕೆ ಚೂಪಾದ ಅಂಚು ಬಂದಿದ್ದರೆ ಆ ಶಕ್ತಿ ಮುಗಿದಿದೆ, ಅಥವಾ ರೇಡಿಯೇಟರ್ ನೀರು ಸೇರಿದೆ. ಗಂಟೆ ಬಾಕಿ ಇದ್ದರೂ ಬದಲಿಸಿ. ನೀರು ಸೇರಿದ್ದಾದರೆ ಎಲ್ಲಿಂದ ಅಂತ ಮೊದಲು ಕಂಡುಹಿಡಿಯಿರಿ.

ಬರೆದಿಡಿ, ಆಮೇಲೆ ತೀರ್ಮಾನಿಸಿ

ಮೆಷಿನ್‌ಗೊಂದು ಪುಟ. ತಾರೀಖು, ಓಡಿದ ಗಂಟೆ, ಟಾಪ್-ಅಪ್ ಎಷ್ಟು ಲೀಟರ್, ಹಾಟ್ ಪ್ಲೇಟ್ ಏನು ಹೇಳಿತು, ಅಯಸ್ಕಾಂತಕ್ಕೆ ಏನು ಸಿಕ್ಕಿತು. ಫಿಲ್ಟರ್ ಪೇಪರನ್ನೂ ಒಣಗಿಸಿ ಅದೇ ಪುಟಕ್ಕೆ ಅಂಟಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಖ್ಯ ಮೆಷಿನ್‌ಗಳಿಗೆ ವಾರಕ್ಕೊಮ್ಮೆ ನೀರಿನ ಪರೀಕ್ಷೆ, ಉಳಿದದ್ದು ತಿಂಗಳಿಗೊಮ್ಮೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅಡಿಕೆ ಮೆಷಿನ್‌ನಂಥ ಸೀಸನ್ ಯಂತ್ರಗಳು ಮಳೆಗಾಲವಿಡೀ ಸುಮ್ಮನೆ ನಿಂತಿರುತ್ತವೆ. ಕೊಯ್ಲಿಗೆ ಮುಂಚೆ ಅವುಗಳ ಗೇರ್‌ಬಾಕ್ಸ್ ಪ್ಲಗ್ ಸಡಿಲಿಸಿ ತಳದ ನೀರು ಬಿಟ್ಟು ನೋಡದೆ ಸ್ವಿಚ್ ಹಾಕಬೇಡಿ.

ಲ್ಯಾಬ್ ಬೇಡವೇ? ಬೇಕು. ನೀರು ಎಷ್ಟಿದೆ ಅಂತ ಸಂಖ್ಯೆಯಲ್ಲಿ ತಿಳಿಯಲು ಕಾರ್ಲ್ ಫಿಶರ್ ಪರೀಕ್ಷೆ, ಕಣಗಳ ಲೆಕ್ಕಕ್ಕೆ ಐಎಸ್ಒ 4406 ಕೋಡ್, ಆಮ್ಲದ ಅಂಶ, ಲೋಹಗಳ ಅಳತೆ ಇವೆಲ್ಲ ಅಲ್ಲೇ ಆಗಬೇಕು. ಐಎಸ್ಒ ಕೋಡ್‌ನಲ್ಲಿ ಸಂಖ್ಯೆ ಒಂದು ಏರಿದರೆ ಕಣಗಳು ಸುಮಾರು ಎರಡು ಪಟ್ಟಾದವು ಅಂತ ಅರ್ಥ, 18 ಮತ್ತು 20ರ ನಡುವಿನ ಅಂತರ ಸಣ್ಣದಲ್ಲ. ಶೆಡ್‌ನ ಪರೀಕ್ಷೆ ಯಾವ ಬಾಟಲಿಯನ್ನು ಲ್ಯಾಬ್‌ಗೆ ಕಳಿಸಬೇಕು ಅಂತ ಹೇಳುತ್ತದೆ. ಹೊಸ ಎಣ್ಣೆಯ ಬಾಟಲಿಯನ್ನೂ ಜತೆಗೆ ಕಳಿಸಿ.

ನೀರು ಬರುವ ದಾರಿ ಮುಚ್ಚಿ

ಎಣ್ಣೆಯಲ್ಲಿನ ನೀರು ತೋರಿಸುವ ಸೆನ್ಸರ್ ಕೊಳ್ಳುವ ಮೊದಲು ಬ್ರೀದರ್, ಅಂದರೆ ಟ್ಯಾಂಕಿಗೆ ಗಾಳಿ ಬಂದುಹೋಗುವ ಕಿಂಡಿ, ನೋಡಿ ಅಂತ ಹೇಳುವವನು ನಾನು. ಎಷ್ಟೋ ಟ್ಯಾಂಕ್‌ಗಳಲ್ಲಿ ಬ್ರೀದರ್ ಮುಚ್ಚಳವೇ ಇರುವುದಿಲ್ಲ, ಬಟ್ಟೆ ತುರುಕಿರುತ್ತಾರೆ. ಸಿಲಿಕಾ ಜೆಲ್ ತುಂಬಿದ ಬ್ರೀದರ್ ಹಾಕಿಸಿ. ಹರಳಿನ ಬಣ್ಣ ಬದಲಾದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ತುಂಬುತ್ತದೆ, ಒಂದು ಹೆಚ್ಚುವರಿ ಇಟ್ಟುಕೊಂಡಿರಿ. ಆಯಿಲ್ ಕೂಲರ್ ನೀರಿನದಾದರೆ ಅದರ ಟ್ಯೂಬ್ ಸೋರಿಕೆಯನ್ನೂ ಅನುಮಾನಿಸಿ.

ಇನ್ನು ಬ್ಯಾರಲ್. 210 ಲೀಟರ್ ಬ್ಯಾರಲ್‌ಗಳನ್ನು ಅಂಗಳದಲ್ಲಿ ನಿಲ್ಲಿಸಿದರೆ ಮಳೆನೀರು ಮೇಲಿನ ಅಂಚಿನೊಳಗೆ ನಿಲ್ಲುತ್ತದೆ. ರಾತ್ರಿ ಬ್ಯಾರಲ್ ತಣ್ಣಗಾದಾಗ ಬಿಗಿಯಾದ ಬಿರಡೆಯ ಸಂದಿನಿಂದಲೂ ಅದು ಒಳಗೆ ಇಳಿಯುತ್ತದೆ. ಸೀಲ್ ಒಡೆಯದ ಹೊಸ ಎಣ್ಣೆಯಲ್ಲೇ ನೀರು! ಸೂರಿನಡಿ ಇಡಿ. ಜಾಗ ಇಲ್ಲದಿದ್ದರೆ ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ 3 ಮತ್ತು 9ರ ಜಾಗಕ್ಕೆ ಬರಲಿ, ಆಗ ಒಳಗಿನ ಎಣ್ಣೆಯೇ ಬಿರಡೆಯನ್ನು ಮುಚ್ಚಿರುತ್ತದೆ. ಟ್ಯಾಂಕಿಗೆ ಹಾಕುವಾಗಲೂ ಬ್ಯಾರಲ್‌ನಿಂದ ನೇರ ಸುರಿಯದೆ ಫಿಲ್ಟರ್ ಇರುವ ಪಂಪ್‌ನಿಂದ ಹಾಕಿ. ಹೊಸ ಎಣ್ಣೆ ಅಂದರೆ ಹೈಡ್ರಾಲಿಕ್ ವಾಲ್ವ್‌ಗೆ ಬೇಕಾದಷ್ಟು ಶುದ್ಧ ಅಂತ ಅರ್ಥವಲ್ಲ.

ತೆಗೆದ ಹಳೆ ಎಣ್ಣೆಯ ವಿಷಯ. ಬೇಲಿ ಗೂಟಕ್ಕೆ, ತೊಲೆಗೆ ಗೆದ್ದಲು ಹತ್ತದಿರಲಿ ಅಂತ ಬಳಿಯಲು ಕೇಳಿಕೊಂಡು ಬರುವವರು ನಮ್ಮ ಕಡೆ ಇದ್ದೇ ಇರುತ್ತಾರೆ. ಕೊಡಬೇಡಿ, ಮಳೆಗೆ ಅದು ತೊಳೆದು ತೋಟದ ಕಾಲುವೆಗೇ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅನುಮತಿ ಇರುವ ಮರುಸಂಸ್ಕರಣೆಯವರಿಗೇ ಹೋಗಬೇಕು. ಮುಚ್ಚಳ ಇರುವ ಬೇರೆ ಬ್ಯಾರಲ್‌ನಲ್ಲಿ, ನೀರು, ಸೀಮೆಎಣ್ಣೆ ಬೆರೆಸದೆ ಕೂಡಿಡಿ. ಅಯಸ್ಕಾಂತದ ಪರೀಕ್ಷೆಯಲ್ಲಿ ತೆಳ್ಳಗೆ ಮಾಡಿದ ಎಣ್ಣೆಗೆ ಬೇರೆ ಡಬ್ಬಿ. ಒಯ್ಯುವವರ ಅನುಮತಿ ಪತ್ರದ ಪ್ರತಿ, ಕೊಟ್ಟ ಲೀಟರ್ ಲೆಕ್ಕ ಎರಡನ್ನೂ ಅದೇ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಇಟ್ಟುಕೊಳ್ಳಿ.