ನೂರರವರೆಗೆ ಹೇಳಿಸುವ ಮೊದಲು ಕಾಳು ವಿಂಗಡಿಸಲಿ

ಮೂರು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡನೆ ಹೇಳಿದರೆ ಮನೆಮಂದಿಗೆಲ್ಲ ಖುಷಿ. ಅದೇ ಮಗುವಿಗೆ ‘ನಾಲ್ಕು ಹುಣಸೆ ಬೀಜ ಕೊಡು ಕಂದ’ ಅನ್ನಿ, ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಬಾಯಿಪಾಠ ಬಂದಿದೆ, ಎಣಿಕೆ ಇನ್ನೂ ಬಂದಿಲ್ಲ. ‘ಇವೆರಡೂ ಒಂದೇ ಥರ, ಇದು ಬೇರೆ’ ಎಂದು ಕಣ್ಣಿಟ್ಟು ನೋಡುವುದು ಮೊದಲು ಬರಬೇಕು. ಮೂರರಿಂದ ಆರು ವರ್ಷದವರಿಗೆ ಅದನ್ನು ಕಲಿಸುವ ಸಾಮಾನು ಅಡುಗೆಮನೆಯಲ್ಲೇ ಇದೆ.

ಮೊದಲು ಎಚ್ಚರಿಕೆಯ ಮಾತು. ಮೂರು ತುಂಬದ ಮಗುವಿಗೆ ಕಾಳು, ಗುಂಡಿ ಕೊಡಬೇಡಿ. ಚಮಚ, ಲೋಟ, ಆಲೂಗಡ್ಡೆ, ಈರುಳ್ಳಿ ಸಾಕು. ಕಡಲೆ, ಅವರೆ ಮೂಗಿನೊಳಗೆ ಸಿಕ್ಕಿಕೊಂಡರೆ ತೇವಕ್ಕೆ ಉಬ್ಬಿ ಬಿಗಿಯುತ್ತವೆ. ಉಸಿರುಕೊಳವೆಗೆ ಇಳಿದರೆ ಇನ್ನೂ ಅಪಾಯ. ಮೂರು ದಾಟಿದ ಮಕ್ಕಳಿಗೂ ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ. ಗುಲಗಂಜಿ ಮತ್ತು ಹರಳು ಬೀಜ ನೋಡಲು ಎಷ್ಟೇ ಚೆಂದವಿದ್ದರೂ ಬೇಡವೇ ಬೇಡ. ಎರಡೂ ವಿಷ, ಅಗಿದು ನುಂಗಿದರೆ ಪ್ರಾಣಕ್ಕೆ ಕುತ್ತು.

ಮೊದಲ ದಿನಕ್ಕೆ ಎಂಟು ಹುಣಸೆ ಬೀಜ, ಎಂಟು ಕಾಬೂಲಿ ಕಡಲೆ, ಒಂದು ಮೊರ, ಎರಡು ತಟ್ಟೆ. ಒಂದು ಕಡು ಕಂದು, ಚಪ್ಪಟೆ, ನುಣುಪು. ಇನ್ನೊಂದು ಬಿಳಿಚು, ಗುಂಡಗೆ, ಸುಕ್ಕು. ವ್ಯತ್ಯಾಸ ಕಣ್ಣಿಗೂ ಕೈಗೂ ಸಿಗುತ್ತದೆ. ಎರಡನ್ನೂ ಮೊರದಲ್ಲಿ ಬೆರೆಸಿ, ಒಂದೊಂದು ತಟ್ಟೆಗೆ ಒಂದೊಂದನ್ನು ಮಾದರಿಯಾಗಿ ಇಟ್ಟು ಸುಮ್ಮನಾಗಿ. ‘ಕಂದು ಇಲ್ಲಿ, ಬಿಳಿ ಅಲ್ಲಿ’ ಎಂದು ನೀವೇ ನಿಯಮ ಹೇಳಿಬಿಟ್ಟರೆ ಮಗು ಮಾಡುವುದು ಕೂಲಿ ಕೆಲಸ. ಅದು ಮುಗಿಸಿದ ಮೇಲೆ ಒಂದು ಬೀಜ ಎತ್ತಿ ಹಿಡಿದು ‘ಪುಟ್ಟಿ, ಇದನ್ಯಾಕೆ ಇಲ್ಲಿ ಇಟ್ಟೆ?’ ಅಂತ ಕೇಳಿ. ಪಾಠವೆಲ್ಲ ಇರುವುದು ಆ ಉತ್ತರದಲ್ಲಿ. ‘ಇದು ನುಣ್ಣಗಿದೆ’ ಅಂದರೂ ಸರಿ, ‘ಇದು ಕಪ್ಪು’ ಅಂದರೂ ಸರಿ.

ಮಧ್ಯದಲ್ಲೇ ಮಗು ವಿಂಗಡಿಸುವುದು ಬಿಟ್ಟು ಸಾರು ಮಾಡುವ ಆಟಕ್ಕೆ ಇಳಿದರೆ ಕಾಳು ಹೆಚ್ಚಾಯಿತು ಎಂದು ತಿಳಿಯಿರಿ. ನಾಲ್ಕು ನಾಲ್ಕಕ್ಕೆ ಇಳಿಸಿ. ಐದರಿಂದ ಏಳು ನಿಮಿಷ ಸಾಕು. ಅಂಗನವಾಡಿಯಲ್ಲಾದರೆ ಒಮ್ಮೆಗೆ ನಾಲ್ಕೇ ಮಕ್ಕಳು, ಪ್ರತಿಯೊಬ್ಬರಿಗೂ ಬೇರೆ ಮೊರ. ಒಂದೇ ರಾಶಿಗೆ ಎಲ್ಲರೂ ಕೈ ಹಾಕಿದರೆ ಚುರುಕಾದ ಮಗುವೇ ಎಲ್ಲ ಮಾಡಿ ಮುಗಿಸುತ್ತದೆ.

ಇದು ಸಲೀಸಾದ ಮೇಲೆ ನಿಯಮ ಬದಲಿಸಿ. ದರ್ಜಿ ಅಂಗಡಿಯಿಂದ 12 ಗುಂಡಿ ತನ್ನಿ: ಕೆಂಪು ಆರು, ಬಿಳಿ ಆರು, ಪ್ರತಿ ಬಣ್ಣದಲ್ಲೂ ಎರಡು ತೂತಿನವು ಮೂರು, ನಾಲ್ಕು ತೂತಿನವು ಮೂರು. ಮೊದಲು ಬಣ್ಣ, ಆಮೇಲೆ ತೂತು. ಮೂರು ವರ್ಷದ ಮಗು ‘ಈಗ ತೂತು ನೋಡಬೇಕು’ ಎಂದು ಬಾಯಲ್ಲಿ ಸರಿಯಾಗಿ ಹೇಳಿಯೂ ಕೈಯಲ್ಲಿ ಬಣ್ಣದ ಪ್ರಕಾರವೇ ಹಾಕುತ್ತದೆ. ಇದು ಹಟವಲ್ಲ. ಹಿಡಿದ ನಿಯಮ ಬಿಟ್ಟು ಇನ್ನೊಂದನ್ನು ಹಿಡಿಯುವ ಶಕ್ತಿ ನಾಲ್ಕು-ಐದರ ಹೊತ್ತಿಗೆ ಬಲಿಯುತ್ತದೆ. ಗುಂಡಿಗಳನ್ನೆಲ್ಲ ಮತ್ತೆ ಬೆರೆಸಿ, ತಟ್ಟೆಯನ್ನೂ ಬದಲಿಸಿ, ಆಮೇಲೆ ಹೊಸ ಆಟ ಶುರು ಮಾಡಿದರೆ ಸ್ವಲ್ಪ ಸುಲಭ.

ಇನ್ನು ಎಣಿಕೆ. ಮೊಟ್ಟೆಯ ಹೊಸ ಟ್ರೇ ಒಂದು ತನ್ನಿ (ಬಳಸಿದ್ದು ಬೇಡ, ಕೊಳೆ ಅಂಟಿರುತ್ತದೆ). ಅದರಲ್ಲಿ 30 ಗುಳಿ, ಐದೈದರ ಆರು ಸಾಲು. ಎರಡು ಸಾಲು ಕತ್ತರಿಸಿಕೊಂಡರೆ ಹತ್ತರ ಮನೆ ಸಿದ್ಧ. ಗುಳಿಗೊಂದು ಬೀಜ. ಒಂದು ಸಾಲು ತುಂಬಿದರೆ ಐದು, ಎರಡೂ ತುಂಬಿದರೆ ಹತ್ತು. ಏಳು ಎಂದರೆ ಐದರ ಮೇಲೆ ಎರಡು ಎಂದು ಕಣ್ಣಿಗೇ ಕಾಣುತ್ತದೆ. ನೆಲದ ಮೇಲೆ ಸಾಲಿಟ್ಟರೆ ಆಗುವ ಗೊಂದಲವೂ ಇಲ್ಲಿಲ್ಲ: ಐದು ಬೀಜವನ್ನೇ ದೂರ ದೂರ ಹರಡಿದರೆ ‘ಇದೇ ಜಾಸ್ತಿ’ ಎನ್ನುತ್ತವೆ ಮಕ್ಕಳು. ಸ್ವಿಟ್ಜರ್‌ಲೆಂಡಿನ ಮನಃಶಾಸ್ತ್ರಜ್ಞ ಝಾನ್ ಪಿಯಾಜೆ (1896–1980) ಈ ತಪ್ಪನ್ನೇ ವಿವರವಾಗಿ ಪರೀಕ್ಷಿಸಿದವರು.

ಕನ್ನಡದ ಸಂಖ್ಯೆಗಳಲ್ಲಿ ಒಂದು ತೊಡಕಿದೆ. ‘ಎ-ರ-ಡು’ ಎನ್ನುತ್ತಾ ಅಕ್ಷರಕ್ಕೊಂದರಂತೆ ಮೂರು ಬೀಜ ಮುಟ್ಟುವ ಮಕ್ಕಳಿದ್ದಾರೆ. ಬೆರಳಿಟ್ಟು ತೋರಿಸುವುದನ್ನು ಬಿಡಿಸಿ, ಸಂಖ್ಯೆಗೊಂದರಂತೆ ಬೀಜವನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕಿಸಿ. ಮುಗಿದ ಕೂಡಲೇ ‘ಎಷ್ಟಾಯ್ತು?’ ಅನ್ನಿ. ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ಹೊಳೆದಿಲ್ಲ. ಆಗ ಮೂರಕ್ಕಿಂತ ಮುಂದೆ ಹೋಗಬೇಡಿ. ಹನ್ನೊಂದು, ಹನ್ನೆರಡರಲ್ಲಿ ‘ಹತ್ತು’ ಕಿವಿಗೆ ಸ್ಪಷ್ಟವಾಗಿ ಕೇಳಿಸದು. ತುಂಬಿದ ಟ್ರೇ ಪಕ್ಕ ಒಂದು ಬೀಜ ಇಟ್ಟು ‘ಹತ್ತು, ಇನ್ನೊಂದು, ಹನ್ನೊಂದು’ ಎಂದು ತೋರಿಸಿ. ‘ಎರಡು ಅಕ್ಕಂದಿರು’ ಎಂದರೆ ಎಣಿಕೆ ಸರಿಯಿದೆ, ಮಾತು ಮಾತ್ರ ತಿದ್ದಬೇಕು. ‘ಹೌದು, ಇಬ್ಬರು ಅಕ್ಕಂದಿರು’ ಅಂದರೆ ಸಾಕು.

ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದಕ್ಕೆ ಮಂಡ್ಯ ಕಡೆಯವರಿಗೆ ಕಬ್ಬಿಗಿಂತ ಒಳ್ಳೆಯ ಸಾಧನ ಇಲ್ಲ. ಜಲ್ಲೆಯ ನಡುಭಾಗ ತೆಗೆದುಕೊಂಡು, ಒಂದು ಗೆಣ್ಣಿನ ತುಂಡಿನಿಂದ ಐದು ಗೆಣ್ಣಿನ ತುಂಡಿನವರೆಗೆ, ಗೆಣ್ಣು ಗೆಣ್ಣಿನ ನಡುವೆ ಕತ್ತರಿಸಿ, ಅಂಚು ಹೆರೆಯಿರಿ. ತುದಿಯಲ್ಲಿ ಗೆಣ್ಣುಗಳು ಒತ್ತೊತ್ತಾಗಿರುತ್ತವೆ, ಅಲ್ಲಿಂದ ಕತ್ತರಿಸಿದರೆ ಉದ್ದಕ್ಕೂ ಸಂಖ್ಯೆಗೂ ತಾಳೆಯಾಗದು. ಐದನ್ನೂ ಒಮ್ಮೆಗೇ ಕೊಡಬೇಡಿ; ಮೂರನ್ನು ಜೋಡಿಸಿದ ಮೇಲೆ ನಾಲ್ಕನೆಯದು ಎಲ್ಲಿ ಸೇರುತ್ತದೆ ಅಂತ ಹುಡುಕಲಿ.

ಮೈಸೂರಿನ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಇದೇ ಕೆಲಸ ತಾನಾಗಿ ನಡೆಯುತ್ತದೆ. ಮಣ್ಣಿನವು ದೊಡ್ಡವರ ಕೈಯಲ್ಲೇ ಇರಲಿ. ಚನ್ನಪಟ್ಟಣದ ಮರದ ಗೊಂಬೆಗಳ ಒಂದು ಮೆಟ್ಟಿಲನ್ನು ಪೂರ್ತಿ ಮಗುವಿಗೆ ಬಿಡಿ. ಪ್ರಾಣಿಗಳೆಲ್ಲ ಒಂದು ಕಡೆಯೋ, ಎತ್ತರದವೆಲ್ಲ ಹಿಂದೆಯೋ, ಅದೇ ತೀರ್ಮಾನಿಸಲಿ. ನಿಮಗೆ ಸರಿಕಾಣಲಿಲ್ಲವೆಂದು ಮಗು ಮಲಗಿದ ಮೇಲೆ ಬದಲಿಸಿ ಇಡಬೇಡಿ. ಮಾರನೆಯ ದಿನ ಗೊಂಬೆ ನೋಡಲು ಬಂದವರಿಗೆ ‘ಯಾಕೆ ಹೀಗೆ ಇಟ್ಟಿದ್ದೀನಿ’ ಅಂತ ಅದೇ ಹೇಳಲಿ.