ರವೆಯ ಮೇಲೆ ನಿಂತ ಹಿಮ

ಕೊಲೊರಾಡೊಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಮೇಲಿನ ಹಿಮವನ್ನು ಮಾತ್ರ ನೋಡುತ್ತಿದ್ದೆ. ಎಷ್ಟು ಬಿದ್ದಿದೆ, ಮೆತ್ತಗಿದೆಯಾ, ಅಷ್ಟೇ. ಬುಡದಲ್ಲಿ ಏನಿದೆ ಎಂದು ಅಗೆದು ನೋಡಲು ಕಲಿತದ್ದು ಹಿಮಕುಸಿತದ ತರಬೇತಿ ಪಡೆದ ಮೇಲೆ.

ಮರುವರ್ಷ ಜನವರಿಯಲ್ಲಿ ಮೈಸೂರಿನ ಗೆಳೆಯನ ಜೊತೆ ಬರ್ತಡ್ ಪಾಸ್‌ಗೆ ಸ್ಕೀ ಮಾಡಲು ಹೋದೆ. ಸುಮಾರು 3,450 ಮೀಟರ್ ಎತ್ತರದ ಜಾಗ. ಎರಡು ದಿನ ಗಾಳಿ ಸಮೇತ ಹಿಮ ಸುರಿದಿತ್ತು. ಹಿಮಕುಸಿತದ ಅಪಾಯಕ್ಕೆ ಅವತ್ತಿನ ಮುನ್ಸೂಚನೆ 5ರಲ್ಲಿ 3. ನಡುವಿನ ಅಂಕಿ ತಾನೇ ಎಂದು ತುಂಬಾ ಜನ ಹೊರಟುಬಿಡುತ್ತಾರೆ. ಆದರೆ 3 ಎಂದರೆ ಒಬ್ಬ ಮನುಷ್ಯನ ಭಾರಕ್ಕೇ ಹಿಮ ಜಾರುವ ಸಂಭವ ಜಾಸ್ತಿ ಎಂದರ್ಥ.

ಕಾರಿನ ಹತ್ತಿರವೇ ಇಬ್ಬರ ಬೀಕನ್, ಅಂದರೆ ಹಿಮದಡಿ ಹೂತುಹೋದವರನ್ನು ಹುಡುಕುವ ರೇಡಿಯೊ ಸಾಧನ, ಪರೀಕ್ಷಿಸಿಕೊಂಡೆವು. ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು (ಪ್ರೋಬ್) ಇಬ್ಬರ ಚೀಲದಲ್ಲೂ ಇದ್ದವು. ಕಾಡು ದಾಟಿ ಬಯಲಿಗೆ ಬಂದಾಗ ಕಾಲಡಿ ‘ಧುಪ್’ ಎಂದಿತು. ಒಳಗೆ ಒಂದು ಪದರ ಕುಸಿದ ಸದ್ದು ಅದು. ಅದೊಂದೇ ಸಾಕಿತ್ತು ವಾಪಸಾಗಲು. ಆದರೂ ಒಳಗೆ ಏನಿದೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿತು. ಅಲ್ಲೇ ಪಕ್ಕದ ಕಡಿಮೆ ಇಳಿಜಾರಿನಲ್ಲಿ ಗುಂಡಿ ತೋಡಿದೆವು.

ನೆಲದವರೆಗೆ 110 ಸೆಂಟಿಮೀಟರ್. ಮೇಲೆ ಗಾಳಿ ಒತ್ತಿ ಕೂರಿಸಿದ ಹಿಮ, ಗಟ್ಟಿ ಹಲಗೆಯ ಹಾಗೆ. ಬುಡದ 30 ಸೆಂಟಿಮೀಟರ್ ಮಾತ್ರ ದಪ್ಪ ರವೆಯಂತೆ. ಮುಷ್ಟಿಯಲ್ಲಿ ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಉದುರುತ್ತಿತ್ತು. ಇದು ಅಕ್ಟೋಬರ್, ನವೆಂಬರ್‌ನಲ್ಲಿ ಬಿದ್ದ ಹಿಮ. ತೆಳ್ಳಗೆ ಬಿದ್ದು ವಾರಗಟ್ಟಲೆ ಹಾಗೇ ಉಳಿದಿರುತ್ತದೆ. ಅಡಿಯಲ್ಲಿ ನೆಲ ಸೊನ್ನೆ ಡಿಗ್ರಿ ಹತ್ತಿರ, ಮೇಲೆ ರಾತ್ರಿಯ ಕೊರೆಯುವ ಚಳಿ. ನಡುವೆ ಇಷ್ಟೇ ಇಷ್ಟು ಹಿಮ. ಬುಡದ ಆವಿ ಮೇಲಕ್ಕೇರುತ್ತಾ ಕಣಗಳನ್ನು ಒಂದಕ್ಕೊಂದು ಅಂಟದ ಹರಳುಗಳಾಗಿ ಮಾಡಿಬಿಡುತ್ತದೆ. ಆಮೇಲೆ ಬಿದ್ದ ಹಿಮವೆಲ್ಲ ಈ ರವೆಯ ಮೇಲೇ ನಿಂತಿರುತ್ತದೆ.

ಹಿಮ ಎಷ್ಟು ಸುಲಭವಾಗಿ ಜಾರುತ್ತದೆ ಎಂದು ಪರೀಕ್ಷಿಸಲು, 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಬರುವಂತೆ ಹಿಮದ ಒಂದು ಕಂಬ ಕತ್ತರಿಸಿದೆ. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10 ಸಲ, ಮೊಣಕೈಯಿಂದ 10 ಸಲ, ಭುಜದಿಂದ 10 ಸಲ ತಟ್ಟಬೇಕು. ಹದಿಮೂರನೆಯ ಸಲಕ್ಕೇ ಬಿರುಕು ಈ ತುದಿಯಿಂದ ಆ ತುದಿಗೆ ಓಡಿತು. ಮೇಲಿನ ಹಲಗೆ ಇಡಿಯಾಗಿ ನನ್ನ ಮಡಿಲಿಗೆ ಜಾರಿತು.

“ಅಲ್ಲಿ ಯಾರೋ ಇಳಿದಿದ್ದಾರೆ ಕಣೋ, ಗುರುತು ನೋಡು,” ಎಂದ ಗೆಳೆಯ. ಎದುರಿನ ಇಳಿಜಾರು 37 ಡಿಗ್ರಿ. ಹಲಗೆಯಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯೊಳಗೆ. ಮೊದಲು ಇಳಿದವರು ಹಿಮ ದಪ್ಪಗಿದ್ದ ಕಡೆ ಹೋಗಿರಬಹುದು. ಆಗ ಅವರ ಭಾರ ಬುಡಕ್ಕೆ ತಟ್ಟಿರುವುದಿಲ್ಲ. ಎರಡನೆಯವನು ಬಂಡೆಯ ಪಕ್ಕ, ಹಿಮ ತೆಳುವಾಗಿರುವ ಕಡೆ ಕಾಲಿಟ್ಟರೆ ಇಡೀ ಇಳಿಜಾರೇ ಕಳಚಬಹುದು. ಹೀಗಾಗಿ ಹಳೆಯ ಗುರುತನ್ನು ನಾನು ನಂಬುವುದಿಲ್ಲ. ಪರೀಕ್ಷೆಯಲ್ಲಿ ಕಂಬ ಗಟ್ಟಿಯಾಗಿ ನಿಂತರೂ ಅದನ್ನು ಒಪ್ಪಿಗೆ ಎಂದುಕೊಳ್ಳುವುದಿಲ್ಲ. ನಾನು ಅಗೆಯುವುದು ‘ಬೇಡ’ ಎನ್ನಲು ಕಾರಣವಿದೆಯಾ ಎಂದು ಹುಡುಕಲು.

ಗುಂಡಿ ಮುಚ್ಚಿ, ಮರಗಳ ನಡುವೆ 25 ಡಿಗ್ರಿಗಿಂತ ಕಡಿಮೆ ಇರುವ ಕಡೆ, ಮೇಲೆ ಕಡಿದಾದ ಇಳಿಜಾರು ಇಲ್ಲದ್ದನ್ನು ನೋಡಿಕೊಂಡು ಇಳಿದೆವು. ಸೊಂಟದವರೆಗೆ ಹೊಸ ಹಿಮ. ಗೆಳೆಯ ಮಗುವಿನ ಹಾಗೆ ಕಿರುಚಿದ.

ಫೆಬ್ರವರಿ ಕೊನೆಯಲ್ಲಿ ಅಲ್ಲೇ ಹತ್ತಿರ ಮತ್ತೆ ಅಗೆದೆ. ಮೇಲೆ ಇನ್ನೂ ಅರ್ಧ ಮೀಟರ್ ಸೇರಿತ್ತು. ಬುಡದಲ್ಲಿ ರವೆ ಹಾಗೇ ಇತ್ತು.